ಬೆಳೆಗಾರರ ರುಚಿಕೂಟವೂ ಅದರ ದಾಖಲೆಯೂ

ಕಾಫಿ ಬೆಳೆಯುವ ನಮ್ಮ ಮಲೆನಾಡಿನ ಊರುಗಳಲ್ಲಿ ಒಂದು ವಿಚಿತ್ರವಾದ ಸ್ಥಿತಿಯುಂಟು. ತೋಟದ ಯಜಮಾನರು ಮಳೆಯ ಲೆಕ್ಕವನ್ನು ಅಂಗುಲ ಬಿಡದೆ ಬಲ್ಲರು. ಯಾವ ಇಳಿಜಾರಿನ ಗಿಡಗಳು ಎಷ್ಟು ಹಣ್ಣು ಕೊಟ್ಟುವೆಂಬುದನ್ನೂ ಬಲ್ಲರು. ಆದರೆ ತಮ್ಮ ಕಾಫಿಯ ರುಚಿ ಎಂಥದೆಂದು ಕೇಳಿದರೆ ಸುಮ್ಮನಾಗುವರು. ಮನೆಯಲ್ಲಿ ಕುಡಿಯುವುದು ಚಿಕೋರಿ ಬೆರೆಸಿ ಹಾಲು ಸಕ್ಕರೆಗಳಲ್ಲಿ ಮುಳುಗಿಸಿದ ಕಾಫಿ; ಅದೂ ಅನೇಕ ವೇಳೆ ಮಾರಾಟಕ್ಕೆ ತಕ್ಕುದಲ್ಲವೆಂದು ಉಳಿದ ಕಾಳಿನದು. ಒಳ್ಳೆಯ ಮಾಲಿನ ರುಚಿಯನ್ನು ಮೊದಲು ನೋಡುವವನು ಕೊಳ್ಳುವವನೇ. ಆತನು ಹೇಳಿದ್ದೇ ಗುಣ, ಕಟ್ಟಿದ್ದೇ ಬೆಲೆ.

ಇದಕ್ಕೆ ಪೂರ್ವಕಾರಣವಿಲ್ಲದೆ ಇಲ್ಲ. 1942ರ ಕಾಫಿ ಶಾಸನದ ಮೇರೆಗೆ ನಡೆದ ಪೂಲ್ ಪದ್ಧತಿಯಲ್ಲಿ ಎಲ್ಲರ ಮಾಲೂ ಒಂದೆಡೆ ಸೇರಿ ಕಾಫಿ ಮಂಡಳಿಯ ಮೂಲಕ ವಿಕ್ರಯವಾಗುತ್ತಿತ್ತು. ರುಚಿಯ ಚಿಂತೆ ಬೆಳೆಗಾರನ ಪಾಲಿಗೆ ಅಷ್ಟಾಗಿ ಬೀಳುತ್ತಿರಲಿಲ್ಲ. 1990ರ ದಶಕದಲ್ಲಿ ಕಟ್ಟುಗಳು ಒಂದೊಂದಾಗಿ ಸಡಿಲಿ, 1996ರಲ್ಲಿ ಬೆಳೆಯನ್ನೆಲ್ಲ ತಾನೇ ಮಾರುವ ಸ್ವಾತಂತ್ರ್ಯ ಆತನಿಗೆ ದೊರೆಯಿತು. 2019ರಲ್ಲಿ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿಗಳ ಅರೇಬಿಕಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂದಿತು. ಸ್ವಾತಂತ್ರ್ಯವೂ ಹೆಸರೂ ಬಂದುವು. ನಾಲಿಗೆಯ ಶಿಕ್ಷಣ ಮಾತ್ರ ಬರಲಿಲ್ಲ.

ಆದುದರಿಂದ ಕಾಫಿ ಬೆಳೆಯುವ ಪ್ರತಿ ಊರಿನಲ್ಲಿಯೂ ಎಂಟು ಹತ್ತು ಮಂದಿ ಬೆಳೆಗಾರರು ತಿಂಗಳಿಗೊಂದಾವರ್ತಿ ಕೂಡಿ, ತಮ್ಮ ತಮ್ಮ ಕಾಫಿಯನ್ನು ತಾವೇ ರುಚಿನೋಡಿ, ಕಂಡುದನ್ನು ಬರೆದಿಡಬೇಕೆಂಬುದು ನನ್ನ ಅಭಿಪ್ರಾಯ. ಕ್ರಮವೇನೂ ಕಠಿಣವಲ್ಲ. ಎಲ್ಲರ ಕಾಳನ್ನೂ ಒಬ್ಬನೇ ಒಂದೇ ಬಣ್ಣಕ್ಕೆ ಹದವಾಗಿ ಹುರಿಯತಕ್ಕದ್ದು. ಕರಿಕಾದರೆ ಎಲ್ಲ ಕಾಫಿಯೂ ಒಂದೇ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿಯ ಪ್ರಮಾಣದಲ್ಲಿ, ಕುದಿದು ತುಸು ಇಳಿದ, ಎಂದರೆ ಸುಮಾರು 93 ಡಿಗ್ರಿ ಸೆಂಟಿಗ್ರೇಡ್ ಕಾವಿನ ನೀರನ್ನು ಹೊಯ್ದು, ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಪರಿಮಳವನ್ನು ನೋಡಬೇಕು. ಬಳಿಕ ಹಾಲು ಸಕ್ಕರೆಯಿಲ್ಲದೆ, ಸೊರ್ರೆಂದು ಸದ್ದಾಗುವಂತೆ ಹೀರಿ, ಬಾಯಲ್ಲೆಲ್ಲ ಹರಡಿಸಿ ಉಗುಳಬೇಕು. ಪಂಕ್ತಿಯಲ್ಲಿ ಅಸಭ್ಯವೆನಿಸುವುದು ಇಲ್ಲಿ ಶಾಸ್ತ್ರ. ಒಂದೊಂದು ಮಾದರಿಗೂ ಐದು ಬಟ್ಟಲಿರಲಿ. ಕೆಟ್ಟ ಕಾಳೊಂದು ಬಿದ್ದಿದ್ದರೆ ಐದರಲ್ಲಿ ಒಂದು ಬಟ್ಟಲು ಅದನ್ನು ಸಾರುವುದು. ಕಾಫಿ ಆರಿದ ಮೇಲೆ ಮತ್ತೊಮ್ಮೆ ನೋಡಲೇಬೇಕು, ಏತಕ್ಕೆಂದರೆ ಬಿಸಿಯಲ್ಲಿ ಅಡಗಿದ್ದ ದೋಷ ತಣ್ಣಗಾದಾಗ ಹೊರಬೀಳುತ್ತದೆ. ಎಂಜಲಿನ ಆಕ್ಷೇಪಣೆಯಿದ್ದಲ್ಲಿ ಬಟ್ಟಲಿಗೊಂದು ಸೌಟನ್ನಿಟ್ಟು, ಅವರವರು ತಮ್ಮ ಲೋಟಕ್ಕೆ ಮೇಲಿನಿಂದ ಹೊಯ್ದುಕೊಳ್ಳಬಹುದು.

ಬಟ್ಟಲಿನ ಮೇಲೆ ಯಜಮಾನರ ಹೆಸರಿರಕೂಡದು, ಅಂಕಿ ಮಾತ್ರವಿರಬೇಕು. ಇದು ಸಣ್ಣ ನಿಯಮವೆಂದು ಕಂಡೀತು. ಆದರೆ ಕೂಟದ ಜೀವವೇ ಇದರಲ್ಲಿದೆ. ದೊಡ್ಡ ಮನೆಯ ಕಾಫಿ ಎಂದು ತಿಳಿದ ಮೇಲೆ ಯಾರ ನಾಲಿಗೆಯೂ ನಿಜ ನುಡಿಯದು. ಇದಕ್ಕೆ ಹೊರದೇಶದ ನಿದರ್ಶನವೊಂದನ್ನು ಹೇಳುವೆನು; ಮದ್ಯದ ಮಾತು ಈ ಪತ್ರಿಕೆಗೆ ಹೊಂದದೆಂದು ಯಾರೂ ಹುಬ್ಬೇರಿಸಬಾರದು. 1976ರ ಮೇ 24ರಂದು ಪ್ಯಾರಿಸ್ ನಗರದಲ್ಲಿ ಒಂಬತ್ತು ಮಂದಿ ಫ್ರೆಂಚ್ ಪರೀಕ್ಷಕರ ಮುಂದೆ ಫ್ರಾನ್ಸಿನ ಹೆಸರಾಂತ ದ್ರಾಕ್ಷಾಮದ್ಯಗಳನ್ನೂ, ಆಗ ಅಷ್ಟೇನೂ ಗಣನೆಗೆ ಬಾರದಿದ್ದ ಕ್ಯಾಲಿಫೋರ್ನಿಯದವುಗಳನ್ನೂ ಹೆಸರು ಮರೆಸಿ ಇಟ್ಟರು. ಬಿಳಿಯದರಲ್ಲಿಯೂ ಕೆಂಪಿನದರಲ್ಲಿಯೂ ಕ್ಯಾಲಿಫೋರ್ನಿಯವೇ ಮೊದಲಾಯಿತು. ಹೆಸರು ಕಾಣುತ್ತಿದ್ದರೆ ಹಾಗಾಗುತ್ತಿತ್ತೆ?

ಅಂಕಿಗಳ ಗುಟ್ಟನ್ನು ಊರಿನ ಮುಖಂಡರು ಇಟ್ಟುಕೊಳ್ಳಲಿ. ತಮ್ಮ ಕಾಫಿಯನ್ನು ಅಂದು ಇಡದ ಮುಖಂಡರಾದರೆ ಇನ್ನೂ ಲೇಸು.

ಇನ್ನು ಬರವಣಿಗೆ. ‘ಚೆನ್ನಾಗಿದೆ’ ಎಂಬ ಒಂದೇ ಮಾತು ತುಂಬಿದ ಪುಸ್ತಕದಿಂದ ಪ್ರಯೋಜನವಿಲ್ಲ. ಪರದೇಶದ ಪರೀಕ್ಷಕರನ್ನು ಅನುಕರಿಸಿ ತಾವು ಎಂದೂ ತಿನ್ನದ ಹಣ್ಣುಗಳ ಹೆಸರನ್ನು ಬರೆಯುವುದಂತೂ ಸುಳ್ಳುಸಾಕ್ಷಿಗೆ ಸಮ. ನಿಂಬೆಯ ಹುಳಿ, ಕೊಳೆತ ಹಲಸಿನ ಹುಳಿ, ಎಳೆಯ ಅಡಿಕೆಯ ಒಗರು, ಹಸಿ ಹುಲ್ಲು, ನೆನೆದ ಗೋಣಿ, ಬೂಷ್ಟು, ಹೊಗೆ, ಜೋನಿಬೆಲ್ಲ: ಇವು ನಮ್ಮ ಮಾತುಗಳು, ಓದಿದವರೆಲ್ಲರಿಗೂ ತಿಳಿಯುವಂಥವು. ರುಚಿಯ ಎದುರಿನ ಅಂಕಣದಲ್ಲಿ ಹಣ್ಣು ಕೊಯ್ದ ದಿನ, ಪಲ್ಪ್ ಮಾಡಿದ ಹೊತ್ತು, ತೊಟ್ಟಿಯಲ್ಲಿ ಇಟ್ಟ ಘಂಟೆ, ಕಣದಲ್ಲಿ ಒಣಗಿದ ದಿನಗಳು ಇರತಕ್ಕದ್ದು. ಆಗ ಕಾರಣ ತಾನೇ ಕಾಣುವುದು. ಅರೇಬಿಕಾದ ಲೋಳೆ ಸಾಮಾನ್ಯವಾಗಿ 24ರಿಂದ 36 ಘಂಟೆಗಳಲ್ಲಿ ಬಿಡುವುದು. ಅದನ್ನು ಮೀರಿ ಮರೆತ ತೊಟ್ಟಿಯಿಂದ ಕೊಳೆತ ಹುಳಿ. ಕಾಯಿ ಹಣ್ಣೆನ್ನದೆ ಒಂದೇ ಸಲ ಕಿತ್ತ ಕೊಯ್ಲಿನಿಂದ ಒಗರು. ದಪ್ಪನಾಗಿ ಹರಡಿ ತಿರುವದೆ ಬಿಟ್ಟ ಕಣದಿಂದ ಬೂಷ್ಟು. ಇವುಗಳಲ್ಲಿ ಯಾವುದನ್ನು ತಿದ್ದುವುದಕ್ಕೂ ಹೊಸ ಯಂತ್ರ ಬೇಕಾಗಿಲ್ಲ.

ಕಣದಲ್ಲಿ ಕಾಫಿ ತಿರುವುವ, ಕಾಳು ಆರಿಸುವ ಹೆಂಗಸರನ್ನೂ ಕೂಟಕ್ಕೆ ಕರೆಯುವುದು ಅತ್ಯಗತ್ಯ. ಯಾವ ದಿನ ಮಾಲು ಮಳೆಗೆ ಸಿಕ್ಕಿತೆಂಬುದು ಯಜಮಾನರಿಗಿಂತ ಅವರಿಗೆ ಚೆನ್ನಾಗಿ ಗೊತ್ತು. ಕಾಳಿನ ವಾಸನೆಯಲ್ಲಿ ಪಳಗಿದ ಮೂಗೂ ಅವರದೇ.

‘ನಮ್ಮ ಮಾಲಿನ ಹುಳುಕು ಊರಿಗೆಲ್ಲ ತಿಳಿದುಹೋದೀತು’ ಎಂದು ಕೆಲವು ಜಮೀನುದಾರರು ಹಿಂಜರಿಯುತ್ತಾರೆ. ಮಾನದ ಪ್ರಶ್ನೆಯನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಆದರೆ ರುಚಿನೋಡಿ ಕೊಳ್ಳುವವನಿಗೆ ಆ ಹುಳುಕು ಮೊದಲ ಗುಟುಕಿನಲ್ಲಿಯೇ ತಿಳಿದು, ಬೆಲೆಯಲ್ಲಿ ವಜಾ ಆಗಿರುತ್ತದೆ. ತಿಳಿಯದೆ ಉಳಿಯುವವರು ಯಜಮಾನರೊಬ್ಬರೇ. ಬೇಕಾದರೆ ಅಂಕಿಯ ಒಡೆಯರಾರೆಂಬುದನ್ನು ಮುಖಂಡರು ಆಯಾ ಒಡೆಯರಿಗೆ ಮಾತ್ರ ಪ್ರತ್ಯೇಕವಾಗಿ ತಿಳಿಸಲಿ.

ಗ್ರಾಂ ತೂಗುವ ತಕ್ಕಡಿಯೊಂದು, ಶಾಖಮಾಪಕವೊಂದು, ಒಂದೇ ಅಳತೆಯ ಬಟ್ಟಲುಗಳು, ಗೆರೆ ಹಾಕಿದ ಪುಸ್ತಕವೊಂದು: ಖರ್ಚು ಇಷ್ಟೇ. ಮೊದಲ ಒಂದೆರಡು ಕೂಟಗಳಿಗೆ ಕಾಫಿ ಮಂಡಳಿಯ ವಿಸ್ತರಣಾಧಿಕಾರಿಗಳನ್ನು ಬರಮಾಡಿಕೊಳ್ಳುವುದು ಒಳ್ಳೆಯದು. ಕೂಟವನ್ನು ಬೆಳಗಿನ ಹೊತ್ತು, ಊಟಕ್ಕೆ ಮುಂಚೆ ನಡೆಸಬೇಕು. ಎಲೆಯಡಿಕೆ ಹಾಕಿಕೊಂಡು ಬಂದವರನ್ನು ಅಂದಿನ ಮಟ್ಟಿಗೆ ಬರೆಯುವ ಕೆಲಸಕ್ಕೆ ಕೂರಿಸಬಹುದು.