ಏಳು ಅಂಕಗಳ ಉತ್ತರ ಮತ್ತು ಕಂಠಪಾಠದ ಪರಂಪರೆ

ಅಮೆರಿಕದ ಪ್ರೌಢಶಾಲೆಗಳಲ್ಲಿ ಕಾಲೇಜು ಮಟ್ಟದ ಎ.ಪಿ. ಮನೋವಿಜ್ಞಾನ ಪರೀಕ್ಷೆಯ ಸ್ವರೂಪ 2025ರ ಮೇ ತಿಂಗಳಿನಿಂದ ಬದಲಾಗಿದೆ. ಶಿಕಾಗೋದ ನೇಪರ್‌ವಿಲ್, ಡೆಟ್ರಾಯಿಟ್‌ನ ಟ್ರಾಯ್ ಮೊದಲಾದ ಉಪನಗರಗಳ ಕನ್ನಡ ಕುಟುಂಬಗಳು ಈ ಬದಲಾವಣೆಯನ್ನು ಕೇವಲ ಅಂಕದ ಲೆಕ್ಕವೆಂದು ಕಂಡರೆ ಅದರ ಅರ್ಥವೇ ಕೈತಪ್ಪುತ್ತದೆ.

ಪರೀಕ್ಷೆಯಲ್ಲಿ 75 ಬಹು ಆಯ್ಕೆಯ ಪ್ರಶ್ನೆಗಳಿವೆ. ಬರೆದು ಉತ್ತರಿಸಬೇಕಾದವು ಎರಡೇ. ಸಮಯ 70 ನಿಮಿಷ, ತಲಾ 7 ಅಂಕ, ಒಟ್ಟು ತೂಕ ಮೂರನೆಯ ಒಂದು ಪಾಲು. ಮೊದಲನೆಯದರಲ್ಲಿ ಒಂದು ಸಂಶೋಧನಾ ಲೇಖನದ ಸಾರವನ್ನು ಕೊಟ್ಟು, ಅದರ ವಿಧಾನ, ಅಂಕಿಅಂಶದ ಅರ್ಥ, ಪಾಲಿಸಿದ ನೈತಿಕ ನಿಯಮ ಇವನ್ನು ಗುರುತಿಸಲು ಹೇಳುತ್ತಾರೆ. ಎರಡನೆಯದರಲ್ಲಿ ಮೂರು ಅಧ್ಯಯನಗಳನ್ನು ಓದಿ, ಒಂದು ವಾದವನ್ನು ಮಂಡಿಸಿ, ಸಾಕ್ಷ್ಯದಿಂದ ಸಮರ್ಥಿಸಬೇಕು. ವಾದಕ್ಕೆ 1 ಅಂಕ. ಎರಡು ಸಾಕ್ಷ್ಯಗಳಿಗೆ ತಲಾ 1. ಆ ಸಾಕ್ಷ್ಯ ವಾದವನ್ನು ಹೇಗೆ ಪುಷ್ಟೀಕರಿಸುತ್ತದೆಂಬ ವಿವರಣೆಗೆ ತಲಾ 2. ಕಾಲೇಜು ಅಧ್ಯಾಪಕರೂ ಶಾಲಾ ಶಿಕ್ಷಕರೂ ಒಂದೇ ಮಾನದಂಡವನ್ನು ಹಿಡಿದು ಮೌಲ್ಯಮಾಪನ ಮಾಡುತ್ತಾರೆ. ಕಾಗುಣಿತ, ವ್ಯಾಕರಣಗಳ ಸಣ್ಣ ದೋಷಕ್ಕೆ ಅಂಕ ಕಡಿತವಿಲ್ಲ. ಆದರೆ ವ್ಯಾಖ್ಯೆಯನ್ನಷ್ಟೇ ಒಪ್ಪಿಸಿದವರಿಗೆ ಅಂಕವೂ ಇಲ್ಲ.

ಎಸ್ಸೆಸ್ಸೆಲ್ಸಿ, ಪಿಯುಸಿಗಳಲ್ಲಿ ಪಠ್ಯದ ಸಾಲುಗಳನ್ನು ಯಥಾವತ್ತಾಗಿ ಬರೆದು ಗೆದ್ದ ಪೋಷಕರಿಗೆ ಇದು ಅಪರಿಚಿತ ನ್ಯಾಯ. ಆದರೂ ಇದು ನ್ಯಾಯವೇ. ಮೊದಲ ಪ್ರಶ್ನೆಯ ಒಂದು ಅಂಕ ವಿಶೇಷ ಗಮನಕ್ಕೆ ಅರ್ಹ: ಅಧ್ಯಯನದಲ್ಲಿ ಭಾಗವಹಿಸಿದವರು ಯಾರು, ಅದರ ಫಲಿತಾಂಶ ಯಾರಿಗೆ ಅನ್ವಯಿಸುತ್ತದೆ ಎಂಬುದಕ್ಕೆ ಸಿಗುವ ಅಂಕ ಅದು. ಪಾಶ್ಚಾತ್ಯ, ವಿದ್ಯಾವಂತ, ಸಿರಿವಂತ ಸಮಾಜಗಳ ಮೇಲಿನ ಪ್ರಯೋಗಗಳನ್ನೇ ಇಡೀ ಮನುಕುಲದ ಸ್ವಭಾವವೆಂದು ಸಾರುವ ದೋಷವನ್ನು ಜೋಸೆಫ್ ಹೆನ್ರಿಚ್ ಮತ್ತು ಸಂಗಡಿಗರು 2010ರಲ್ಲಿ ಎತ್ತಿ ತೋರಿಸಿದ್ದರು. ವಲಸಿಗರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನಾವುದಿದೆ?

ಅಪಾಯವೂ ಇಲ್ಲದಿಲ್ಲ. ಮಾನದಂಡ ಬಹಿರಂಗವಾಗಿರುವುದರಿಂದ ಅದಕ್ಕೆ ಹೊಂದುವ ಸಿದ್ಧ ವಾಕ್ಯಗಳನ್ನು ಬಾಯಿಪಾಠ ಮಾಡಿಸುವ ಟ್ಯೂಷನ್ ಹುಟ್ಟುವುದು ಸುಲಭ. ಇಲಿನಾಯ್ ರಾಜ್ಯದ ಸಾರ್ವಜನಿಕ ಕಾಲೇಜುಗಳಲ್ಲಿ 3 ಅಥವಾ ಹೆಚ್ಚಿನ ಶ್ರೇಣಿಗೆ ಕ್ರೆಡಿಟ್ ಕೊಡಬೇಕೆಂಬ ಕಾನೂನಿದೆ. ಶುಲ್ಕ ಉಳಿಸುವ ಆಸೆ ತಪ್ಪೂ ಅಲ್ಲ. ಆದರೆ ಪ್ರಶ್ನಿಸುವುದನ್ನೂ ಕಂಠಪಾಠಕ್ಕೆ ಇಳಿಸಿದರೆ ಹಳೆಯ ಪರೀಕ್ಷೆಯೇ ಹೊಸ ವೇಷದಲ್ಲಿ ಮರಳಿದಂತೆ.

ಶಿಕಾಗೋದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟ್‌ನ ಪಂಪ ಕನ್ನಡ ಕೂಟಗಳು ಯುಗಾದಿ, ರಾಜ್ಯೋತ್ಸವಗಳ ನಡುವೆ ಒಂದು ಸಂಜೆಯನ್ನು ಮಕ್ಕಳ ವಾದಕ್ಕೆ ಮೀಸಲಿಡಬಹುದು. ಜಾತಿ, ಮದುವೆ, ಹಿರಿಯರ ಮಾತು, ಯಾವುದಕ್ಕೂ ಸಾಕ್ಷ್ಯ ಕೇಳಬಾರದೆಂದು ಮನೆಯಲ್ಲಿ ಗದರಿಸಿ, ಪರೀಕ್ಷೆಯ ಕೊಠಡಿಯಲ್ಲಿ ಮಾತ್ರ ಸಾಕ್ಷ್ಯ ಕೇಳುವ ಮನಸ್ಸನ್ನು ನಿರೀಕ್ಷಿಸುವುದು ಎಲ್ಲಿಯ ನ್ಯಾಯ?