ಸೂರ್ಯಾಸ್ತದ ಅನಂತರ ನಡೆಯುವ ವ್ರತಭಂಗ

ಸೂರ್ಯನು ಗುಡ್ಡದ ಮರೆಗೆ ಸರಿಯುವ ಮುನ್ನವೇ ಊಟ ಮುಗಿಸುವ ಪದ್ಧತಿಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಸೀಮೆಯ ಜೈನ ಮನೆತನಗಳು ಹಿರಿಯರಿಂದ ಪಡೆದಿವೆ. ನೀರನ್ನು ಸೋಸದೆ ಕುಡಿಯಬಾರದು, ಕಂದಮೂಲಗಳನ್ನು ಮುಟ್ಟಬಾರದು ಎಂಬ ಎಚ್ಚರವೂ ಅವುಗಳ ಅಡಿಗೆಮನೆಗಳಲ್ಲಿ ಬೆಳೆದುಬಂದುದೇ. ಆದರೆ ಊಟದ ತಟ್ಟೆ ಎತ್ತಿದ ಮರುಗಳಿಗೆಯಲ್ಲಿಯೇ ನಡುಮನೆಯ ದೂರದರ್ಶನ ಪೆಟ್ಟಿಗೆ ಬೆಳಗುತ್ತದೆ. ಹದಿಹರೆಯದ ಮಗನೋ ಮಗಳೋ ಅದರೆದುರು ಕುಳಿತರೆ ಏಳುವುದು ರಾತ್ರಿ ಹತ್ತಕ್ಕೆ. ಅಷ್ಟರಲ್ಲಿ ಕುರುಕಲು ತಿಂಡಿಯ ಪೊಟ್ಟಣ ಬರಿದಾಗಿರುತ್ತದೆ. ಸಂಜೆ ಆರಕ್ಕೆ ಪಾಲಿಸಿದ ವ್ರತವು ಎಂಟಕ್ಕೆ ಮುರಿದುದನ್ನು ಮನೆಯ ಹಿರಿಯರು ಕಾಣುವುದಿಲ್ಲ. ಏಕೆಂದರೆ ಅವರ ದೃಷ್ಟಿಯೂ ಅದೇ ಪರದೆಯ ಮೇಲಿರುತ್ತದೆ.

ಇದನ್ನು ಕೇವಲ ಕಾಲಹರಣವೆಂದು ಭಾವಿಸುವುದು ಆತ್ಮವಂಚನೆ. ಹೃದ್ರೋಗವು ಐವತ್ತರಲ್ಲಿ ಪ್ರಕಟವಾಗಬಹುದು. ಅದರ ಬೀಜ ಬೀಳುವುದು ಬಾಲ್ಯದಲ್ಲಿ. ಅಮೆರಿಕದ ಬೊಗಲೂಸಾ ಪಟ್ಟಣದಲ್ಲಿ 1970ರ ದಶಕದಲ್ಲಿ ಆರಂಭವಾದ ದೀರ್ಘ ಅಧ್ಯಯನವು, ಎಳೆಯರ ರಕ್ತನಾಳಗಳಲ್ಲಿಯೇ ಕೊಬ್ಬಿನ ಗೆರೆಗಳು ಮೂಡಿರುವುದನ್ನು ತೋರಿಸಿತು. 52 ದೇಶಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಂತೆ, ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರರಿಗಿಂತ ಸುಮಾರು 5 ವರ್ಷ ಮುಂಚಿತವಾಗಿಯೇ ಬರುತ್ತದೆ. ಆದುದರಿಂದ ಮಲೆನಾಡಿನ ಮಕ್ಕಳಿಗೆ ಇದು ಪರದೇಶದ ಮಾತಲ್ಲ.

ಕುಳಿತಿರುವುದಕ್ಕೂ ಹೃದಯಕ್ಕೂ ಇರುವ ನಂಟು ಹೊಸ ಶೋಧವೇನೂ ಅಲ್ಲ. ಲಂಡನ್ನಿನ ಎರಡಂತಸ್ತಿನ ಬಸ್ಸುಗಳಲ್ಲಿ ದಿನವಿಡೀ ಮೆಟ್ಟಿಲೇರಿ ಇಳಿಯುತ್ತಿದ್ದ ನಿರ್ವಾಹಕರಿಗಿಂತ, ಕುಳಿತೇ ಇರುತ್ತಿದ್ದ ಚಾಲಕರಲ್ಲಿ ಹೃದ್ರೋಗ ಹೆಚ್ಚೆಂದು ಡಾ. ಜೆರಿ ಮಾರಿಸ್ ಮತ್ತು ಅವರ ಸಂಗಡಿಗರು 1953ರಲ್ಲಿಯೇ ತೋರಿಸಿದ್ದರು. ದೂರದರ್ಶನದ ಬಗೆಗೆ ನ್ಯೂಜಿಲೆಂಡಿನ ಡನೀಡನ್ ನಗರದ ಸಾಕ್ಷ್ಯವಿದೆ. ಅಲ್ಲಿ 1972–73ರಲ್ಲಿ ಜನಿಸಿದ ಸುಮಾರು 1000 ಮಕ್ಕಳನ್ನು ವೈದ್ಯರು ಅನುಸರಿಸುತ್ತ ಬಂದರು. 5ರಿಂದ 15ರ ವಯಸ್ಸಿನಲ್ಲಿ ಹೆಚ್ಚು ಕಾಲ ದೂರದರ್ಶನ ನೋಡಿದವರಲ್ಲಿ, 26ನೆಯ ವಯಸ್ಸಿಗೆ ಬೊಜ್ಜು, ಕೊಲೆಸ್ಟರಾಲ್ ಹಾಗೂ ಧೂಮಪಾನ ಹೆಚ್ಚಾಗಿಯೂ ದೇಹದಾರ್ಢ್ಯ ಕಡಿಮೆಯಾಗಿಯೂ ಕಂಡುಬಂದುವೆಂದು 2004ರ ವರದಿ ತಿಳಿಸಿತು. ಇಂತಹ ಅಧ್ಯಯನಗಳು ತೋರಿಸುವುದು ಸಂಬಂಧವನ್ನೇ ಹೊರತು ಪೂರ್ಣ ಕಾರಣವನ್ನಲ್ಲ ಎಂದು ವಾದಿಸಬಹುದು. ಆದರೆ ಅಲುಗಾಡದ ಸ್ನಾಯು ರಕ್ತದೊಳಗಿನ ಸಕ್ಕರೆ, ಕೊಬ್ಬುಗಳನ್ನು ಬಳಸುವುದು ಕಡಿಮೆ. ಜಾಹೀರಾತು ಹಸಿವಿಲ್ಲದ ಹೊಟ್ಟೆಯನ್ನು ಕೆಣಕುತ್ತದೆ. ತಡರಾತ್ರಿಯ ಕಾರ್ಯಕ್ರಮ ನಿದ್ರೆಯನ್ನು ಕದಿಯುತ್ತದೆ. ಈ ಮೂರನ್ನು ಅರಿಯಲು ಯಾವ ಪ್ರಯೋಗಶಾಲೆಯೂ ಬೇಕಿಲ್ಲ.

ಜೈನ ಗೃಹಸ್ಥನಿಗೆ ಈ ವಿಷಯದಲ್ಲಿ ಹೊಸ ನೀತಿಯೂ ಬೇಕಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ವಿವರಿಸಿದ್ದಾರೆ. ರಾಗದ್ವೇಷಗಳಿಂದ ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುವ ದುಃಶ್ರುತಿ, ನಿಷ್ಪ್ರಯೋಜಕವಾಗಿ ವರ್ತಿಸುವ ಪ್ರಮಾದಚರ್ಯೆ ಇವೆರಡೂ ಅವುಗಳಲ್ಲಿ ಸೇರಿವೆ. ಭೋಗೋಪಭೋಗಗಳಿಗೆ ಮಿತಿ ಹಾಕಿಕೊಳ್ಳುವ ವ್ರತವನ್ನೂ ಅವರು ವಿಧಿಸಿದ್ದಾರೆ. ಅದನ್ನು ಜೀವನಪರ್ಯಂತ ಕೈಗೊಂಡರೆ ಯಮ. ಒಂದು ದಿನ, ಪಕ್ಷ, ಮಾಸ, ಋತು ಎಂದು ಅವಧಿ ಗೊತ್ತುಪಡಿಸಿಕೊಂಡರೆ ನಿಯಮ. ಎಲೆಕೋಸಿನೊಳಗಿನ ಸೂಕ್ಷ್ಮಜೀವಿಯ ಬಗೆಗೆ ಕನಿಕರಪಡುವ ಮನೆಯು, ಎದುರಿಗೇ ಕುಳಿತ ಪಂಚೇಂದ್ರಿಯ ಜೀವಿಯಾದ ಮಗನ ಹೃದಯದ ಬಗೆಗೆ ಉದಾಸೀನವಾಗಿರುವುದು ಯಾವ ಅಹಿಂಸೆ?

ಆಕ್ಷೇಪಗಳಿಗೇನೂ ಕೊರತೆಯಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಮಕ್ಕಳು ಎಲ್ಲಿ ಆಡಬೇಕು ಎಂಬುದು ಒಂದು. ಅದೇ ಮಳೆಯಲ್ಲಿ ಹಿಂದಿನ ತಲೆಮಾರು ಕಂಬಳಿಕೊಪ್ಪೆ ಹೊದ್ದು ತೋಟ, ಶಾಲೆಗಳಿಗೆ ನಡೆಯುತ್ತಿತ್ತು. ಧಾರ್ಮಿಕ ಧಾರಾವಾಹಿಗಳೂ ಬರುತ್ತವೆ ಎಂಬುದು ಮತ್ತೊಂದು. 1987ರಲ್ಲಿ ರಾಮಾಯಣ ಆರಂಭವಾದಂದಿನಿಂದ ಈ ಸಮರ್ಥನೆ ಕೇಳಿಬರುತ್ತಿದೆ. ಆದರೆ ಕಥೆ ಪುಣ್ಯದ್ದಾದ ಮಾತ್ರಕ್ಕೆ ಕುಳಿತ ಕಾಲು ನಡೆದಂತಾಗದು. ಸಾಮಾಯಿಕದಲ್ಲಿಯೂ ಕುಳಿತಿರುವುದಿಲ್ಲವೆ ಎಂದು ಕೇಳುವವರುಂಟು. ಸಾಮಾಯಿಕವು ಒಂದು ಮುಹೂರ್ತ, 48 ನಿಮಿಷ. ಅಲ್ಲಿ ದೇಹ ಸ್ಥಿರ, ಚಿತ್ತ ಜಾಗೃತ. ಪರದೆಯೆದುರು ದೇಹವೂ ಜಡ, ಚಿತ್ತವೂ ಪರಾಧೀನ. ಅವಧಿಗೆ ಮೇರೆಯೇ ಇಲ್ಲ. ಈಗ ಮಕ್ಕಳು ದೂರದರ್ಶನವನ್ನು ನೋಡುವುದೇ ಕಡಿಮೆ ಎಂಬ ಸಮಾಧಾನವಂತೂ ಹಾಸ್ಯಾಸ್ಪದ. ಪೆಟ್ಟಿಗೆಯು ಕುಗ್ಗಿ ಅಂಗೈಗೆ ಬಂದಿದೆ, ಹಾಸಿಗೆಯವರೆಗೂ ಹಿಂಬಾಲಿಸಿದೆ, ಅಷ್ಟೆ.

ಬಸದಿಗಳ ಆಡಳಿತ ಮಂಡಳಿಗಳೂ ಈ ಹೊಣೆಯಿಂದ ನುಣುಚಿಕೊಳ್ಳುವಂತಿಲ್ಲ. ಶೃಂಗೇರಿಯಲ್ಲಿ 12ನೆಯ ಶತಮಾನದ ಪಾರ್ಶ್ವನಾಥ ಬಸದಿಯಿದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿ ದೇವಿಯ ಸನ್ನಿಧಿಯೂ ಮಠವೂ ಇವೆ. ಇಂತಹ ಪರಂಪರೆಯುಳ್ಳ ಸೀಮೆಯಲ್ಲಿ ಶಿಲೆ, ಶಿಖರಗಳ ಜೀರ್ಣೋದ್ಧಾರಕ್ಕೆ ಹಣ ಒದಗುವುದಾದರೆ, ಎಳೆಯರ ಆಟಕ್ಕೆ, ಯೋಗಾಭ್ಯಾಸಕ್ಕೆ ಸಂಜೆಯ ಒಂದು ಗಂಟೆ ಸಭಾಭವನದ ಬಾಗಿಲು ತೆರೆದಿಡುವುದು ಭಾರವಾಗಬಾರದು. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ದಣಿಯುವ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ.

ಚಾತುರ್ಮಾಸ ಬರುತ್ತದೆ, ಮಳೆಯೂ ಬರುತ್ತದೆ. ಮಕ್ಕಳು ಮನೆಯೊಳಗೇ ಹೆಚ್ಚಾಗಿರುವ ಆ ನಾಲ್ಕು ತಿಂಗಳೇ ನಿಯಮ ಕೈಗೊಳ್ಳಲು ತಕ್ಕ ಕಾಲ. ಸೂರ್ಯಾಸ್ತದ ಬಳಿಕ ಬಾಯಿಗೆ ಆಹಾರವಿಲ್ಲವೆಂದು ಸಂಕಲ್ಪಿಸುವ ಕುಟುಂಬವು, ಕಣ್ಣಿಗೂ ಪರದೆಯಿಲ್ಲವೆಂದು ಸಂಕಲ್ಪಿಸಲಿ. ಆ ನಿಯಮವನ್ನು ಮೊದಲು ತೆಗೆದುಕೊಳ್ಳಬೇಕಾದವರು ಮಕ್ಕಳಲ್ಲ, ತಂದೆತಾಯಿಗಳು. ತಾನು ನೋಡುತ್ತ ಕುಳಿತು ಮಗನಿಗೆ ಏಳೆನ್ನುವ ತಂದೆಯ ಮಾತಿಗೆ ಯಾವ ಮನೆಯಲ್ಲಿಯೂ ಬೆಲೆಯಿರಲಾರದು.