ಕೆಲಸ ಕಳೆದುಕೊಂಡವನ ಮೇಲ್ಮನವಿ

ಲಕ್ಷ್ಮೀ ನಗರದ ನಮ್ಮ ಗಲ್ಲಿಯಲ್ಲಿ ಬಾಡಿಗೆಗಿರುವ ಯಾದಗಿರಿ ಕಡೆಯ ಯುವಕರೊಬ್ಬರು 2023ರ ಬೇಸಿಗೆಯಲ್ಲಿ ಒಂದು ಕಾಗದ ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಇಂಗ್ಲಿಷಿನಲ್ಲಿದ್ದ ಆ ಎರಡು ಸಾಲುಗಳ ಸಾರಾಂಶ ಇಷ್ಟು: ದುರ್ನಡತೆಗಾಗಿ ಕೆಲಸದಿಂದ ವಜಾ ಆಗಿರುವುದರಿಂದ ಅರ್ಜಿದಾರರು ನಿರುದ್ಯೋಗ ಭತ್ಯೆಗೆ ಅರ್ಹರಲ್ಲ. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಸರ್, ನಾ ಏನರ ಕಳವು ಮಾಡೀನೇನ್ರಿ?"

ಅವರು ಮಾಡಿದ್ದು ಇಷ್ಟೇ. ಊರಿನಲ್ಲಿ ತಂದೆ ತೀರಿಕೊಂಡ ಸುದ್ದಿ ಬಂದ ರಾತ್ರಿ, ಮೇಲ್ವಿಚಾರಕರಿಗೆ ಫೋನಿನಲ್ಲಿ ತಿಳಿಸಿ, ಮರುದಿನ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದರು. ಉತ್ತರಕ್ರಿಯೆ ಮುಗಿಸಿ, ತಾಯಿಗೊಂದು ವ್ಯವಸ್ಥೆ ಮಾಡಿ, ಹದಿನೇಳನೆಯ ದಿನ ಕಾರ್ಖಾನೆಯ ಗೇಟಿಗೆ ಬಂದರೆ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ. ನೋಟೀಸಿಲ್ಲ, ವಿಚಾರಣೆಯಿಲ್ಲ. ಅನುಮತಿಯಿಲ್ಲದ ಗೈರುಹಾಜರಿಯೇ ದುರ್ನಡತೆಯೆಂದು ದಾಖಲಾಗಿತ್ತು.

ಇ.ಎಸ್.ಐ. ಎಂದು ನಾವೆಲ್ಲ ಕರೆಯುವ ನೌಕರರ ರಾಜ್ಯ ವಿಮಾ ಯೋಜನೆಗೂ ಈ ದೆಹಲಿಗೂ ಹಳೆಯ ನಂಟು. 1952ರ ಫೆಬ್ರವರಿ 24ರಂದು ಅದು ಮೊದಲು ಜಾರಿಗೆ ಬಂದದ್ದು ಕಾನ್ಪುರ ಮತ್ತು ದೆಹಲಿಗಳಲ್ಲಿ. ಬಹುಕಾಲ ಅದು ಕಾಯಿಲೆ, ಹೆರಿಗೆ, ಅಪಘಾತಗಳ ವಿಮೆಯಾಗಿಯೇ ಇತ್ತು. 2005ರಲ್ಲಿ ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದವರಿಗಾಗಿ ಒಂದು ಭತ್ಯೆ ಬಂತು. 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಎರಡು ವರ್ಷಗಳ ಪ್ರಯೋಗವಾಗಿ ಬಂದು, ಆಮೇಲೆ ಪದೇ ಪದೇ ವಿಸ್ತರಣೆಗೊಂಡಿತು. ಅದರ ಮೊದಲಿನ ಲೆಕ್ಕ ದಿನದ ಸರಾಸರಿ ವೇತನದ ಶೇ. 25, ಕೊರೋನಾ ಕಾಲದಲ್ಲಿ, 2020ರ ಮಾರ್ಚ್ 24ರಿಂದ ಅನ್ವಯವಾಗುವಂತೆ, ಅದು ಶೇ. 50 ಆಯಿತು. ಜೀವಮಾನದಲ್ಲಿ ಒಮ್ಮೆ, ಹೆಚ್ಚೆಂದರೆ 90 ದಿನ. ತಿಂಗಳಿಗೆ 18,000 ರೂಪಾಯಿ ದುಡಿಯುವವನಿಗೆ ಇದು ಸುಮಾರು 27,000 ರೂಪಾಯಿ. ಲಕ್ಷ್ಮೀ ನಗರದಲ್ಲಿ ಒಂದು ಕೋಣೆಯ ಬಾಡಿಗೆ, ಮಕ್ಕಳ ಶಾಲೆಯ ಫೀಸು, ಮೂರು ತಿಂಗಳ ರೇಷನ್ನು ಎಂದು ಕೂಡಿಸಿ ನೋಡಿದವರಿಗೆ ಈ ಮೊತ್ತದ ತೂಕ ಗೊತ್ತು.

ಇದು ಯಾರ ದಾನವೂ ಅಲ್ಲ. 2019ರ ಜುಲೈಯಿಂದ ನೌಕರನ ವೇತನದ ಶೇ. 0.75 ಆತನಿಂದಲೂ ಶೇ. 3.25 ಮಾಲೀಕನಿಂದಲೂ ಈ ನಿಧಿಗೆ ಸಂದಾಯವಾಗುತ್ತ ಬಂದಿದೆ. ಕೆಲಸವಿಲ್ಲದ ಕಾಲದಲ್ಲಿ ಸಾರ್ವಜನಿಕ ನೆರವು ದೊರೆಯಬೇಕೆಂಬ ಆಶಯ ಸಂವಿಧಾನದ 41ನೆಯ ವಿಧಿಯಲ್ಲೇ ಇದೆ.

ಆದರೆ ಯೋಜನೆಯೊಳಗೊಂದು ಮುಳ್ಳಿದೆ. ದುರ್ನಡತೆಗಾಗಿ ಶಿಕ್ಷೆಯ ರೂಪದಲ್ಲಿ ಕೆಲಸ ಹೋಗಿದ್ದರೆ ಭತ್ಯೆಯಿಲ್ಲ. ಮೊದಲು ಅರ್ಜಿ ಮಾಲೀಕನ ಮೂಲಕವೇ ಬರಬೇಕಿತ್ತು. 2020ರಲ್ಲಿ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದೆಂದಾಯಿತು. ಆದರೂ ಕೆಲಸ ಏಕೆ ಹೋಯಿತೆಂದು ಬರೆಯುವ ಲೇಖನಿ ಮಾಲೀಕನ ಕೈಯಲ್ಲೇ ಉಳಿಯಿತು. ಆ ಪದ ಬರೆಯುವುದರಲ್ಲಿ ಆತನಿಗೆ ಲಾಭವೂ ಇದೆ. ಹೆಚ್ಚುವರಿಯೆಂದು ತೆಗೆದರೆ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸಂಬಳದ ಪರಿಹಾರ ಕೊಡಬೇಕು. ದುರ್ನಡತೆಯೆಂದರೆ ಅದೂ ಉಳಿಯಿತು. ಕಚೇರಿಯ ಗುಮಾಸ್ತರು ತಮ್ಮ ಮುಂದಿದ್ದ ಕಾಗದವನ್ನು ಓದಿದರು. ಅವರನ್ನು ದೂರಿ ಫಲವಿಲ್ಲ.

ಆದ್ದರಿಂದ ಭತ್ಯೆ ನಿರಾಕರಣೆಯ ವಿರುದ್ಧದ ಮೇಲ್ಮನವಿ ವಾಸ್ತವದಲ್ಲಿ ಆ ಒಂದು ಪದದ ವಿರುದ್ಧದ ಮೇಲ್ಮನವಿ. ವಿಮೆಯ ಸವಲತ್ತಿನ ವ್ಯಾಜ್ಯಕ್ಕೆಂದು 1948ರ ಕಾಯಿದೆ ನೌಕರರ ವಿಮಾ ನ್ಯಾಯಾಲಯವನ್ನು ಕೊಟ್ಟಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ ವಜಾ ಆದೇಶವನ್ನು ಪ್ರಶ್ನಿಸದೆ ಭತ್ಯೆಯನ್ನಷ್ಟೇ ಕೇಳಿದರೆ, ಬೇರನ್ನು ಬಿಟ್ಟು ಎಲೆಗೆ ನೀರು ಹಾಕಿದಂತೆ. ನಮ್ಮ ಜನ ಎಡವುವುದು ಇಲ್ಲಿಯೇ.

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಎಂಟು ದಿನಕ್ಕಿಂತ ಹೆಚ್ಚು ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆಂಬ ಕಾರ್ಖಾನೆಯೊಂದರ ನಿಯಮವು ಡಿ.ಕೆ. ಯಾದವ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕುವುದು ಸಹಜ ನ್ಯಾಯಕ್ಕೆ ವಿರುದ್ಧವೆಂದು 1993ರಲ್ಲಿ ತೀರ್ಪಿತ್ತ ನ್ಯಾಯಾಲಯ, ಆತನನ್ನು ಮರಳಿ ಕೆಲಸಕ್ಕೆ ತೆಗೆದುಕೊಂಡು ಅರ್ಧ ಹಿಂಬಾಕಿ ಸಂಬಳ ಕೊಡಬೇಕೆಂದಿತು. ಅಂಗಡಿ, ಕಚೇರಿಗಳ ನೌಕರರಿಗಾಗಿ 1954ರಲ್ಲಿ ದೆಹಲಿ ಮಾಡಿದ ಕಾಯಿದೆಯೂ, 1961ರಲ್ಲಿ ನಮ್ಮ ನಾಡು ಮಾಡಿದ ಕಾಯಿದೆಯೂ ಆರೋಪಕ್ಕೆ ಉತ್ತರ ಹೇಳುವ ಅವಕಾಶವಿಲ್ಲದೆ ದುರ್ನಡತೆಯ ವಜಾ ಇಲ್ಲವೆಂದವು. ನಮ್ಮ ಮಕ್ಕಳು ಹೋಗಿ ನೆಲೆಸಿರುವ ಅಮೆರಿಕದಲ್ಲಿಯೂ ದುರ್ನಡತೆಯೆಂದು ಭತ್ಯೆ ನಿಂತರೆ, ಅದನ್ನು ರುಜುವಾತು ಮಾಡುವ ಹೊಣೆ ಸಾಮಾನ್ಯವಾಗಿ ಮಾಲೀಕನದೇ.

ಹೊರನಾಡ ಕನ್ನಡಿಗರಿಗೆ ಇದು ದೂರದ ಮಾತಲ್ಲ. ಇದೇ ದೆಹಲಿಯ ಕಾರ್ಮಿಕನ ಮನೆಯಲ್ಲಿ ಸಾವಾದರೆ ಆತ ಸಂಜೆ ಕೆಲಸ ಮುಗಿಸಿಯಾದರೂ ನಾಲ್ಕು ಜನರ ಜೊತೆ ನಿಲ್ಲಬಲ್ಲ. ನಮಗೆ ಹೋಗಿ ಬರುವ ದಾರಿಯಲ್ಲೇ ಮೂರು ದಿನ ಕಳೆಯುತ್ತದೆ. ಎಂಟು ದಿನಗಳ ನಿಯಮವನ್ನು ಬರೆದವರಿಗೆ ಯಾದಗಿರಿ ಎಲ್ಲಿದೆಯೆಂದು ತಿಳಿದಿರಲಾರದು.

ನನ್ನ ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಅಂದು ನಾನು ಅವರಿಗೆ ಹೇಳಿದ್ದು, "ಬಿಡಿ, ಬೇರೆ ಕೆಲಸ ನೋಡಿಕೊಳ್ಳಿ" ಎಂದು. ಮೂರು ತಿಂಗಳ ಬಳಿಕ ಅವರೇ ಮತ್ತೆ ಬಂದು ಕೇಳಿದ ಮೇಲೆ ವಕೀಲ ಮಿತ್ರರಲ್ಲಿಗೆ ಕರೆದೊಯ್ದೆ. ಸಂಧಾನಾಧಿಕಾರಿಗೆ ಅರ್ಜಿ ಹೋಯಿತು, ಸಂಧಾನ ಮುರಿಯಿತು, ಮೊಕದ್ದಮೆ ಈಗ ಯಮುನೆಯಾಚೆಯ ನ್ಯಾಯಾಲಯದಲ್ಲಿದೆ. ಮೊದಲಿಗಿಂತ ಕಡಿಮೆ ಸಂಬಳದ ಕೆಲಸವೊಂದರಲ್ಲಿರುವ ಅವರು ಪ್ರತಿ ತಾರೀಖಿಗೂ ಒಂದು ದಿನದ ಕೂಲಿ ಬಿಟ್ಟು ಬರುತ್ತಾರೆ. ಭತ್ಯೆ ಇನ್ನೂ ಬಂದಿಲ್ಲ. "ರೊಕ್ಕ ಬಂದರ ಬರಲಿ, ಆ ಮಾತು ಮಾತ್ರ ಹೋಗಬೇಕ್ರಿ" ಎನ್ನುತ್ತಾರೆ.

ಕಾಲ ಈಗ ಇನ್ನಷ್ಟು ಬಿಗಿಯಾಗಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ವಜಾ ಪ್ರಶ್ನಿಸಲು ಹಿಂದೆ ಇದ್ದ ಮೂರು ವರ್ಷಗಳ ಅವಧಿ ಎರಡಕ್ಕೆ ಇಳಿದಿದೆ. ಅಳುಕಿ ಕುಳಿತವನ ಪಾಲಿಗೆ ಎರಡು ವರ್ಷ ಬೇಗ ಮುಗಿಯುತ್ತದೆ.

ಆದ್ದರಿಂದ ನಮ್ಮವರಲ್ಲಿ ಅರಿಕೆ. ರಜೆಯನ್ನು ಬಾಯಿಮಾತಿನಲ್ಲಿ ಕೇಳಬೇಡಿ. ಒಂದು ಸಾಲಾದರೂ ಬರೆದು ಪ್ರತಿ ಇಟ್ಟುಕೊಳ್ಳಿ. ಕೆಲಸ ಹೋದರೆ ಕಾರಣವನ್ನು ಬರಹದಲ್ಲಿ ಕೇಳಿ. ಅರ್ಥವಾಗದ ಕಾಗದಕ್ಕೆ ಸಹಿ ಹಾಕಬೇಡಿ, ರಾಜೀನಾಮೆಗಂತೂ ಬೇಡವೇ ಬೇಡ. ವೇತನ ಚೀಟಿ, ವಿಮಾ ಸಂಖ್ಯೆ, ರೈಲಿನ ಟಿಕೇಟು, ಮರಣ ಪ್ರಮಾಣಪತ್ರ ಎಲ್ಲವನ್ನೂ ಜೋಪಾನವಾಗಿಡಿ.

ಸಂಘಕ್ಕೂ ಒಂದು ಮಾತು. ರಾಜ್ಯೋತ್ಸವದ ಚಪ್ಪರಕ್ಕೆ ನಾವು ಹಣ ಕೂಡಿಸುತ್ತೇವೆ, ಅದು ಆಗಬೇಕಾದದ್ದೇ. ನಮ್ಮ ನಡುವೆ ನಿವೃತ್ತ ಅಧಿಕಾರಿಗಳಿದ್ದಾರೆ, ವಕೀಲರಿದ್ದಾರೆ, ಹಿಂದಿ-ಇಂಗ್ಲಿಷುಗಳಲ್ಲಿ ಚೊಕ್ಕವಾಗಿ ಅರ್ಜಿ ಬರೆಯಬಲ್ಲವರಿದ್ದಾರೆ. ಭಾನುವಾರ ಎರಡು ಗಂಟೆ ಒಂದು ಮೇಜು ಹಾಕಿ ಕುಳಿತರೆ, ಕಾಗದ ಹಿಡಿದು ಬಂದವನಿಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿ, ಉತ್ತರ ಬರೆದುಕೊಡಬಹುದು. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ಸೂಚನೆಯನ್ನು ನಾನೇ ಮಂಡಿಸುತ್ತೇನೆ. ಮೊದಲ ಭಾನುವಾರ ಆ ಮೇಜಿನ ಮುಂದೆ ಕೂರುವುದಾಗಿ ಯಾದಗಿರಿಯ ಮಿತ್ರರು ಈಗಾಗಲೇ ಒಪ್ಪಿದ್ದಾರೆ.